ಡಿ ಲೈನಿನ ತಗಡು

"ನೋಡ್ದೆ ಅಂತ ಹೇಳಿದ್ನಲ್ಲ. ನನ್ನ ಮಗ ಅಲ್ಲ. ಇನ್ನೇನು ಬೇಕು ನಿಮಗೆ?"

ಹೊನೆಯೊ ಅಜ್ಜ ಮಾವಿನ ಮರದ ಬೇರಿನ ಮೇಲೆ ಕೂತವನು ಕೂತೇ ಇದ್ದ. ಸಾರ್ಜೆಂಟ್ ಮೊರೆಯಾ ಅವನೆದುರು ನಿಂತೇ ಇದ್ದ. ಇಬ್ಬರ ನಡುವೆ ಒಂದು ಕೋಳಿ ಮಾತ್ರ ಆರಾಮವಾಗಿ ಓಡಾಡಿಕೊಂಡಿತ್ತು.

"ಹೆಸರು ಬೇಕು, ಅಜ್ಜ."

"ಅದೊಂದು ಬಿಟ್ಟು ಬೇರೆ ಕೇಳಿ."

"ಸರಿ. ಎಷ್ಟು ಜನ ಬಂದಿದ್ರು?"

ಅಜ್ಜ ಕೋಳಿಯನ್ನೇ ನೋಡಿದ. "ಗಂಡಸು ಒಬ್ಬ."

"ಗಾಡಿ ತಂದಿದ್ನಾ?"

"ತರದೆ ತಗಡನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತಾನಾ?"

"ಯಾವಾಗ?"

"ನೀವೆಲ್ಲ ಟೀವಿ ಮುಂದೆ ಕೂತು ಆ ಚೆಂಡಾಟಕ್ಕೆ ಕಿರುಚ್ತೀರಲ್ಲ, ಆಗ."

ಅದೇನೋ ನಿಜ. ಶನಿವಾರ ಮಧ್ಯಾಹ್ನ ಆಸ್ಟ್ರೇಲಿಯಾದ ರಗ್ಬಿ ಪಂದ್ಯ. ಆ ಹೊತ್ತಿನಲ್ಲಿ ಶತ್ರು ಬಂದಿದ್ದರೆ ಬುಸೊಲೊ ದಂಡನ್ನು ಫಿರಂಗಿ ಸಮೇತ ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗಬಹುದಿತ್ತು, ಪಂದ್ಯ ಮುಗಿಯುವವರೆಗೆ ಒಬ್ಬನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಂದದ್ದು ಶತ್ರುವಲ್ಲ. ಹೋದದ್ದು ತಗಡು.

ಡಿ ಲೈನ್ ಅಂದರೆ ಸಿಪಾಯಿಗಳ ಸಂಸಾರಗಳಿರುವ ಮನೆಗಳ ಸಾಲು. ಅಲ್ಲಿಯ ಸೂರಿನ ವಿಷಯ ಕೇಳಲೇಬಾರದು. ಮಳೆ ಬಂದರೆ ಹೆಂಗಸರು ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಅಡಿಗೆ ಮಾಡುತ್ತಿದ್ದರು. ಒಬ್ಬಾಕೆ ಮಂಚದ ಕೆಳಗೆ ಬಾತುಕೋಳಿ ಸಾಕಿದ್ದಳು, ಅವು ಈಜಿಕೊಂಡೇ ದೊಡ್ಡವಾದವು ಅಂತ ಜನ ಹೇಳುತ್ತಾರೆ. ವರ್ಷಗಟ್ಟಲೆ ಬೇಡಿದ ಮೇಲೆ ರಾಜಧಾನಿಯವರು ದುರಸ್ತಿಗೆ ಅಂತ ಹಡಗಿನಲ್ಲಿ ಹೊಸ ತಗಡು ಕಳಿಸಿದ್ದರು. ಶುಕ್ರವಾರ ಮಂತ್ರಿಗಳ ಕಡೆಯವರು ಬಂದು ತಗಡಿಟ್ಟ ಶೆಡ್ಡು ನೋಡುತ್ತಾರೆ. ಹೊಸ ತಗಡು ಕಂಡರೆ ಗೋಡೆಗೆ, ನೀರಿನ ಪೈಪಿಗೆ ಉಳಿದ ದುಡ್ಡು ಬಿಡುಗಡೆ. ಕಾಣದಿದ್ದರೆ ಅದು ಇನ್ನೊಂದು ದಂಡಿನ ಪಾಲು.

ಇವತ್ತು ಬುಧವಾರ. ಶೆಡ್ಡು ಖಾಲಿ.

ಶೆಡ್ಡಿನ ಕೀ ಇದ್ದದ್ದು ಹೊನೆಯೊ ಅಜ್ಜನ ಮಗ ಕಾರ್ಪೋರಲ್ ಎಲಿಯಾಬ್‌ನ ಹತ್ತಿರ. ಅವನೀಗ ಲಾಕಪ್ಪಿನಲ್ಲಿ. ಬೇರೆ ಹೆಸರು ಸಿಗದಿದ್ದರೆ ಅವನ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ದಂಡಿನ ಮನೆ ಹೋಗುತ್ತದೆ. ಹೆಂಡತಿ, ಮಕ್ಕಳು, ಈ ಮುದುಕ, ಎಲ್ಲರೂ ರಸ್ತೆಗೆ. ಮಗನನ್ನು ಬಿಡಿಸಲು ಅಪ್ಪನ ಬಾಯಿಂದ ಒಂದು ಹೆಸರು ಬಂದರೆ ಸಾಕಿತ್ತು. ಬರುತ್ತಿಲ್ಲ.

ಮುದುಕ ಲಂಚ ತಿಂದಿದ್ದಾನೆ ಅಂತ ಮೊರೆಯಾ ತೀರ್ಮಾನಿಸಿದ್ದ. ತನಿಖೆಗೆ ಅಂತ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಅವನನ್ನು ಕಳಿಸಿದ್ದೇ ಇಂಥದ್ದು ಕಂಡುಹಿಡಿಯಲು. ನಿನ್ನೆ ಕೊಳಾಯಿಯ ಹತ್ತಿರ, ನೀರು ಹಿಡಿಯುತ್ತಿದ್ದ ಹೆಂಗಸರೆಲ್ಲರ ಎದುರಿಗೆ, "ನಿನ್ನ ನಾಲಿಗೆಯನ್ನ ಎಷ್ಟು ಮೂಟೆ ಅಕ್ಕಿಗೆ ಮಾರ್ಕೊಂಡೆ, ಮುದುಕಾ?" ಅಂತ ಗದರಿಯೂ ಬಿಟ್ಟಿದ್ದ. ಅಜ್ಜ ಟವೆಲ್ಲನ್ನು ತಲೆ ಮೇಲೆಳೆದುಕೊಂಡು ಹೊರಟುಹೋಗಿದ್ದ.

ಅಷ್ಟರಲ್ಲಿ ದಂಡಿನ ಹಳೇ ಟ್ರಕ್ಕು ಕೆಮ್ಮುತ್ತಾ ಬಂದು ನಿಂತಿತು.

"ಅಣ್ಣಾ, ತಿಂಡಿ."

ಮೊರೆಯಾನ ತಮ್ಮ ಕೆವಾ. ದಂಡಿನ ಕಟ್ಟಡ ವಿಭಾಗದಲ್ಲಿ ಟ್ರಕ್ ಓಡಿಸುವವನು. ಬಾಳೆ ಎಲೆಯ ಪೊಟ್ಟಣ ಹಿಡಿದು ಇಳಿದ. ಅವನು ಇಳಿಯುತ್ತಿದ್ದ ಹಾಗೇ ಅಜ್ಜ ಸೊಂಟ ಹಿಡಿದು ಎದ್ದ. ನೀರಿನ ಟ್ಯಾಂಕಿನ ಹಿಂದಕ್ಕೆ ನಡೆದ.

"ಏನಾಗಿದೆ ಈ ಮುದುಕನಿಗೆ? ನಿನ್ನೇನೂ ಹಿಂಗೇ ಎದ್ದುಹೋದ."

"ಹೊಟ್ಟೆ ಸರಿಯಿಲ್ವೇನೋ." ಕೆವಾ ಪೊಟ್ಟಣ ಬಿಚ್ಚಿದ. ಅನ್ನ, ತೆಂಗಿನ ಹಾಲಿನಲ್ಲಿ ಬೇಯಿಸಿದ ಡಬ್ಬಿ ಮೀನು, ಮೇಲೆ ಎಂಥದ್ದೋ ಗುಡ್ಡದ ಸೊಪ್ಪು. "ಏನಾದ್ರೂ ಬಾಯಿ ಬಿಟ್ನಾ?"

"ಇಲ್ಲ. ಇದನ್ನ ನೀನೇ ಮಾಡಿದ್ಯಾ? ನಿಂಗೆ ನೀರು ಕಾಯಿಸಕ್ಕೂ ಬರ್ತಿರ್ಲಿಲ್ಲ."

"ಕಲ್ತೆ. ಎಷ್ಟು ದಿನ ಅಂತ ಬಿಸ್ಕತ್ತು ತಿನ್ಲಿ."

ರುಚಿಯಾಗಿತ್ತು. ಮೊರೆಯಾ ಬೆರಳು ನೆಕ್ಕಿಕೊಂಡು ತಿಂದ.

*

ಲಾಕಪ್ಪಿನ ಸೂರೂ ತೂತೇ. ಬಿಸಿಲು ಅಲ್ಲಲ್ಲಿ ಇಳಿದು ಎಲಿಯಾಬ್‌ನ ಮೈಯೆಲ್ಲ ಚಿರತೆಯ ಹಾಗೆ ಕಾಣುತ್ತಿತ್ತು. ಹೊರಗೆ ಅವನ ಹೆಂಡತಿ ಲೈಡಿಯಾ ಕಂಬಿಯ ಸಂದಿನಿಂದ ಬೇಯಿಸಿದ ಗೆಣಸು ಕೊಡುತ್ತಿದ್ದಳು. ಮೊರೆಯಾನನ್ನು ಕಂಡು ಅವಳ ಮುಖ ಗಂಟಿಕ್ಕಿತು.

"ನಮ್ಮ ಮಾವನ್ನ ಯಾಕೆ ಹಾಗಂದ್ರಿ ಸಾರ್ಜೆಂಟ್ರೇ? ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ. ಅಡಿಕೇನೂ ಹಾಕ್ಕೊಂಡಿಲ್ಲ."

"ಅವರು ಒಂದು ಹೆಸರು ಹೇಳಿದ್ರೆ ಇವನು ಇವತ್ತೇ ಮನೆಗೆ ಬರ್ತಾನೆ ತಾಯಿ. ನೀವೇ ಒಂದು ಮಾತು ಹೇಳಿ."

"ನಾನಾ?" ಅವಳಿಗೆ ನಗು ಬಂತು. "ನಾವಿಬ್ರೂ ಎದುರೆದುರು ಮಾತೇ ಆಡಲ್ಲ."

"ಜಗಳಾನಾ?"

"ಅಯ್ಯೋ, ಜಗಳ ಅಲ್ಲಪ್ಪ. ಮರ್ಯಾದೆ."

ಎಲಿಯಾಬ್ ಗೆಣಸಿನ ಸಿಪ್ಪೆ ಸುಲಿಯುತ್ತಾ ಹೇಳಿದ. "ನಮ್ಮ ಗುಡ್ಡದ ಕಡೆ ಹಂಗೆ ಸರ್. ಅಪ್ಪ ಸೊಸೆ ಹೆಸರು ಹೇಳಂಗಿಲ್ಲ. ಇವಳು ಅಪ್ಪನ ಹೆಸರು ಹೇಳಂಗಿಲ್ಲ. ಬೀಗರ ಪೈಕಿ ಯಾರ ಹೆಸರೂ ಬಾಯಿಗೆ ಬರಬಾರ್ದು. ನಮ್ಮ ದೊಡ್ಡಪ್ಪ ಒಂದ್ಸಲ ನಿದ್ದೇಲಿ ಬೀಗರ ಹೆಸರು ಗೊಣಗಿಬಿಟ್ಟ. ಎದ್ದ ತಕ್ಷಣ ಹಂದಿ ಕಟ್ಕೊಂಡು ತಪ್ಪು ಒಪ್ಪಿಸಕ್ಕೆ ಓಡ್ದ. ಅವತ್ತಿಂದ ಬಾಯಿಗೆ ಬಟ್ಟೆ ಕಟ್ಕೊಂಡೇ ಮಲಗ್ತಿದ್ದ."

ಮೊರೆಯಾ ನಗಲಿಲ್ಲ. ಅವನು ಬೆಳೆದ ಕರಾವಳಿಯ ಕೇರಿಯಲ್ಲಿ ಬೀಗರನ್ನು ಹೆಸರು ಹಿಡಿದು ಕೂಗುತ್ತಿದ್ದರು, ಸಾಲದ್ದಕ್ಕೆ ಅಡ್ಡಹೆಸರೂ ಇಡುತ್ತಿದ್ದರು.

"ಪ್ರಾಣ ಹೋಗೋ ಹೊತ್ತಲ್ಲೂ ಹೇಳಲ್ವಾ?"

"ಪ್ರಾಣ ಹೋದ್ರೆ ಹೋಯ್ತು ಸರ್. ಹೆಸರು ಹೇಳಿ ಬದುಕಿದ್ರೆ ದಿನಾ ಮುಖ ಎತ್ಕೊಂಡು ಓಡಾಡಬೇಕಲ್ಲ."

"ಅಳಿಯನ ಹೆಸರು?"

"ಅದು ಇನ್ನೂ ಬಿಗಿ. ಅಳಿಯ ಬಂದ್ರೆ ಎದುರಿಗೂ ಕೂರಲ್ಲ. ಎದ್ದು ಮರೆಗೆ ಹೋಗ್ತಾರೆ."

ಬೆಳಿಗ್ಗೆ ಅಜ್ಜ ಟ್ಯಾಂಕಿನ ಹಿಂದಕ್ಕೆ ನಡೆದದ್ದು ಮೊರೆಯಾನಿಗೆ ನೆನಪಾಯಿತು. ಅವನು ಅದನ್ನು ಅಲ್ಲೇ ಅದುಮಿದ.

"ಲೈಡಿಯಾ ಕಡೆಯವರು ಯಾರಾದ್ರೂ ಈ ದಂಡಲ್ಲಿದ್ದಾರಾ?"

"ಒಬ್ರೂ ಇಲ್ಲ. ಎಲ್ರೂ ದೂರದ ದ್ವೀಪದಲ್ಲಿ."

"ನಿಂಗೆ ತಂಗಿ ಇದ್ದಾಳಲ್ಲ."

"ತಬಿತಾ. ಪೇಟೇಲಿ ಬ್ರೆಡ್ಡಿನ ಅಂಗಡೀಲಿ ಕೆಲಸ. ಶನಿವಾರ ಭಾನುವಾರ ಮನೆಗೆ ಬರ್ತಾಳೆ. ಮದುವೆ ಇಲ್ಲ. ಹೆಣ್ಣಿನ ತೆರ ಕೊಡದೆ ಯಾವನಾದ್ರೂ ಅವಳನ್ನ ಕರ್ಕೊಂಡು ಹೋದ್ರೆ ಕಾಲು ಮುರೀತೀನಿ ಅಂತ ಊರಿಗೆಲ್ಲ ಗೊತ್ತು."

"ಶೆಡ್ಡಿನೊಳಗೆ ನೀನು ಕಡೇ ಸಲ ಹೋಗಿದ್ದು ಯಾವಾಗ?"

"ಹೋಗೇ ಇಲ್ಲ ಸರ್. ತಗಡು ಬಂದಾಗ ಮೇಜರ್ ಪೊಂಡ್ರಿಲೈ ಸಾಹೇಬ್ರೇ ನಿಂತು ಇಳಿಸಿಕೊಂಡ್ರು. ಬಾಗಿಲು ಹಾಕಿ ಕೀ ನನ್ನ ಕೈಲಿಟ್ರು. ಶುಕ್ರವಾರದವರೆಗೆ ತೆಗೀಬೇಡ ಅಂದ್ರು. ಮನೇಲಿ ಮೊಳೆಗೆ ನೇತುಹಾಕಿದ್ದೆ. ಅಷ್ಟೇ ನಂಗೆ ಗೊತ್ತಿರೋದು."

ದಂಡಿನ ಜಾಗ, ಕಟ್ಟಡ, ದುರಸ್ತಿಯ ದುಡ್ಡು, ಎಲ್ಲದಕ್ಕೂ ಮೇಜರ್ ಪೊಂಡ್ರಿಲೈನೇ ಒಡೆಯ. ಇಸ್ತ್ರಿ ಮಾಡಿದ ಕರ್ಚೀಫು, ಇಸ್ತ್ರಿ ಮಾಡಿದ ಮಾತು. ಎಲಿಯಾಬ್‌ನನ್ನು ಲಾಕಪ್ಪಿಗೆ ಹಾಕಿಸಿದವನೂ ಅವನೇ.

ಮೊರೆಯಾ ಹೊರಗೆ ಬಂದ. ಕೊಳಾಯಿಯ ಹತ್ತಿರ ಹರಟುತ್ತಿದ್ದ ಹೆಂಗಸರು ಅವನನ್ನು ಕಂಡು ತಟ್ಟನೆ ಸುಮ್ಮನಾದರು. ಅವರಿಗೆಲ್ಲ ಗೊತ್ತಿತ್ತು, ಮುದುಕ ಯಾಕೆ ಬಾಯಿ ಬಿಡುತ್ತಿಲ್ಲ ಅಂತ. ಗೊತ್ತಿಲ್ಲದವನು ತೋಳಿಗೆ ಪಟ್ಟಿ ಹೊತ್ತ ಈ ದೊಡ್ಡ ಪತ್ತೇದಾರ ಒಬ್ಬನೇ. ಕಿವಿ ಸುಟ್ಟುಹೋಗುವಷ್ಟು ಬಿಸಿಯಾದವು. ಅಂಥ ನಾಚಿಕೆ ಅವನಿಗೆ ಮದುವೆಯ ದಿನ ಚರ್ಚಿನಲ್ಲಿ ಪ್ಯಾಂಟು ಹರಿದಾಗಲೂ ಆಗಿರಲಿಲ್ಲ.

*

ಮಧ್ಯಾಹ್ನ ಅವನು ಮತ್ತೆ ಮಾವಿನ ಮರದ ಬುಡಕ್ಕೆ ಬಂದ. ಈ ಸಲ ನಿಲ್ಲಲಿಲ್ಲ. ಟೋಪಿ ತೆಗೆದು ಅಜ್ಜನ ಕಾಲ ಹತ್ತಿರ ಮಣ್ಣಿನಲ್ಲಿ ಕೂತ. ಬೈದದ್ದು ಹೆಂಗಸರೆದುರಿಗೆ, ಹಾಗಾಗಿ ಕೊಳಾಯಿಯವರೆಗೂ ಕೇಳುವ ಹಾಗೆ ಹೇಳಿದ.

"ಅಜ್ಜ, ನಿನ್ನೆ ನಾನಾಡಿದ ಮಾತು ತಪ್ಪು. ನಿನ್ನ ನಾಲಿಗೆ ಮಾರಾಟಕ್ಕಿಲ್ಲ. ನಂಗೆ ಗೊತ್ತಿರ್ಲಿಲ್ಲ."

ಕೊಳಾಯಿಯ ಕೆಳಗೆ ಬಕೆಟ್ಟು ತುಂಬಿ ಹರಿಯಿತು. ಯಾರೂ ಸರಿಸಲಿಲ್ಲ.

ಅಜ್ಜ ಗಾಬರಿಯಾದ. "ಮೆಲ್ಲಗೆ, ಮೆಲ್ಲಗೆ. ನೀವು ಕೆಳಗೆ ಕೂರಬೇಡಿ. ಮೇಲೆ ಬನ್ನಿ. ನೀವು ಮಣ್ಣಲ್ಲಿ ಕೂತ್ರೆ ನಂಗೆ ಇನ್ನೂ ಕೆಟ್ಟದು."

"ಯಾಕೆ? ನಾನೇನು ಮೇಜರಾ?"

ಅಜ್ಜ ಟವೆಲ್ಲಿನಿಂದ ಬೇರಿನ ಧೂಳು ಕೊಡವಿದ. ಬೇರಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಮೊರೆಯಾ ಪಕ್ಕದಲ್ಲಿ ಕೂತು ಜೇಬಿನಿಂದ ಹಸಿ ಅಡಿಕೆ, ಸುಣ್ಣದ ಡಬ್ಬಿ ತೆಗೆದು ಕೊಟ್ಟ. ದಂಡಿನೊಳಗೆ ಅಡಿಕೆ ಅಗಿಯಬಾರದು ಅಂತ ಮೇಜರ್ ಬೋರ್ಡು ಹಾಕಿಸಿದ್ದ. ಇಬ್ಬರೂ ಆ ಬೋರ್ಡನ್ನು ನೋಡುತ್ತಲೇ ಅಗಿದರು.

"ಹೆಸರು ಕೇಳಲ್ಲ. ಬೇರೇದು ಕೇಳ್ತೀನಿ," ಎಂದ ಮೊರೆಯಾ. "ಆ ತಗಡು ಈಗ ಎಲ್ಲಿದೆ ಅಂತ ಗೊತ್ತಾ?"

ಅಜ್ಜನ ದವಡೆ ನಿಂತಿತು. ಗದ್ದ ಎತ್ತಿ ದೂರದ ಬೆಟ್ಟದ ಕಡೆ ತೋರಿಸಿದ.

"ಬಿಸಿಲು ಓರೆಯಾದ್ರೆ ಇಲ್ಲಿಂದಾನೇ ಕಾಣುತ್ತೆ. ನೋಡಿ."

ಬೆಟ್ಟದ ಹಸಿರಿನ ನಡುವೆ, ಅರ್ಧ ಎತ್ತರದಲ್ಲಿ, ಯಾರೋ ಕನ್ನಡಿ ಹಿಡಿದ ಹಾಗೆ ಒಂದು ಚೂರು ಬೆಳಕು ಮಿಣುಕುತ್ತಿತ್ತು.

"ಅದು ಯಾವೂರು?"

"ನಮ್ಮೂರು."

ಮೊರೆಯಾ ಉಗುಳಲು ಮರೆತ.

"ಸೈನ್ಯದಿಂದ ನಿವೃತ್ತಿ ಆಗಿ ಎಷ್ಟೋ ವರ್ಷ ಆಯ್ತು," ಎಂದ ಅಜ್ಜ. "ಸೈನ್ಯದೋರು ಕೊಡಬೇಕಾದ ಕೊನೇ ಹಣ ಬರ್ಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ. ಬರಿಗೈಲಿ ಊರಿಗೆ ಹೋಗ್ಬಾರ್ದು ಅಂತ ಮಗನ ಮನೇಲಿ ಕೂತೆ. ಈಗ ನೋಡಿ, ನನ್ನ ತಮ್ಮಂದಿರ ಮನೆ ಹೊಳೀತಿದೆ. ‘ಅಣ್ಣ, ನಿನ್ನ ಮಗಳ ತೆರ ಅಂತ ತಗಡು ಬಂತು, ಹಂದಿ ಕಡಿದು ಕುಣಿದ್ವಿ’ ಅಂತ ಹೇಳಿ ಕಳಿಸಿದಾರೆ. ಅವರಿಗೇನು ಗೊತ್ತು. ಇಲ್ಲಿ ನನ್ನ ಮೊಮ್ಮಕ್ಕಳು ತೂತಿನ ಕೆಳಗೆ ಮಲಗ್ತಾರೆ. ಅವರ ಮೇಲೆ ಬರಬೇಕಾದ ಸೂರು ಅಲ್ಲಿದೆ. ಮಗ ಒಳಗಿದಾನೆ. ನಾನು ಯಾವ ಕಡೆ ಮುಖ ತಿರುಗಿಸ್ಲಿ, ನೀವೇ ಹೇಳಿ."

"ವಾಪಸ್ ತರಿಸಬಹುದಲ್ಲ."

"ತೆರ ವಾಪಸ್ ಹೋದ್ರೆ ಮದುವೆ ಮುರಿದ ಹಾಗೆ. ಅವಳ ಹೊಟ್ಟೇಲಿ ಮಗು ಇದೆ."

ಕೇಳಬಾರದು ಅಂತ ಮೊರೆಯಾನ ಒಳಗೆ ಏನೋ ಹಿಡಿದೆಳೆಯಿತು. ಆದರೂ ಬಾಯಿ ಕೇಳಿಬಿಟ್ಟಿತು. "ಅಳಿಯ ಯಾರು ಅಜ್ಜ?"

ಅಜ್ಜ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ.

"ನೀವು ಇಲ್ಲಿಗೆ ಬಂದಾಗಿಂದ ನಾನು ನಿಮ್ಮನ್ನ ಹೆಸರು ಹಿಡಿದು ಕರೆದಿದ್ದು ಕೇಳಿದೀರಾ?"

ಇಲ್ಲ. ಮೇಜರ್‌ನಿಂದ ಹಿಡಿದು ಅಡಿಗೆಯವನವರೆಗೆ ಎಲ್ಲರೂ ಮೊರೆಯಾ, ಮೊರೆಯಾ ಅಂತಲೇ ಕರೆಯುತ್ತಿದ್ದರು. ಈ ಮುದುಕನ ಬಾಯಲ್ಲಿ ಮಾತ್ರ ಅವನು ಬರೀ ‘ನೀವು’ ಆಗಿದ್ದ. ಅವನು ಅದನ್ನು ಹೆದರಿಕೆ ಅಂದುಕೊಂಡಿದ್ದ. ಹೆದರಿಕೆಯಲ್ಲ, ಮರ್ಯಾದೆ. ತಮ್ಮನ ಮಾವ. ಅಂದರೆ ಬೀಗರು. ಬೀಗರನ್ನು ಹೆಂಗಸರೆದುರು ‘ನಾಲಿಗೆ ಮಾರಿಕೊಂಡ ಮುದುಕ’ ಅಂತ ಬೈದು, ಬೆಳಿಗ್ಗೆ ಅವರ ಮಗಳು ಬೇಯಿಸಿದ ಮೀನನ್ನು ಬೆರಳು ನೆಕ್ಕಿಕೊಂಡು ತಿಂದಿದ್ದ.

ಟ್ರಕ್ಕಿನ ಕೆಮ್ಮು ಕೇಳಿಸಿತು. ಅಜ್ಜ ಎದ್ದು ಟ್ಯಾಂಕಿನ ಮರೆಗೆ ಹೋದ.

*

ಟ್ರಕ್ಕು ಬಂದು ನಿಂತದ್ದು ಎಲಿಯಾಬ್‌ನ ಮನೆಯ ಬಾಗಿಲಿಗೆ. ಕೆವಾ ಇಳಿದು, ಇಳಿದ ಕಡೆಯೇ ನಿಂತ. ಮುಖ ಸುಣ್ಣದ ಹಾಗಾಗಿತ್ತು.

"ಅಣ್ಣ, ಮೇಜರ್ ಕಳಿಸಿದ್ರು. ಈ ಮನೆ ಖಾಲಿ ಮಾಡಿಸಬೇಕಂತೆ. ಸಾಮಾನೆಲ್ಲ ತುಂಬ್ಕೊಂಡು ಗೇಟಿಂದಾಚೆ ಇಳಿಸು ಅಂದ್ರು. ಶುಕ್ರವಾರ ಬರೋರ ಕಣ್ಣಿಗೆ ಬೀಳಬಾರ್ದಂತೆ."

"ತುಂಬು ಮತ್ತೆ."

ಕೆವಾ ಕದಲಲಿಲ್ಲ.

"ಯಾಕೆ ನಿಂತೆ? ಇದೇ ಟ್ರಕ್ಕು ತಾನೇ? ಶನಿವಾರ ತುಂಬಿದ ಕೈಗೆ ಇವತ್ತು ತುಂಬಕ್ಕಾಗಲ್ವಾ?"

"ಅಣ್ಣ..."

"ನಿನ್ನ ಹೆಂಡ್ತಿ ಎಲ್ಲಿ, ಕೆವಾ?"

ಕೆವಾ ನೆಲ ನೋಡಿದ. ಮಾತು ಬಂದದ್ದು ಟ್ರಕ್ಕಿನ ಒಳಗಿನಿಂದ.

"ಇಲ್ಲಿದೀನಿ, ಭಾವ."

ಆಚೆ ಬಾಗಿಲಿನಿಂದ ಒಬ್ಬ ಹುಡುಗಿ ಇಳಿದಳು. ತೋಳಿನ ಮೇಲೆ ಬ್ರೆಡ್ಡಿನ ಹಿಟ್ಟು ಒಣಗಿತ್ತು, ಸಡಿಲ ಅಂಗಿಯ ಕೆಳಗೆ ಹೊಟ್ಟೆ ಈಗಷ್ಟೇ ತುಸು ಉಬ್ಬಿತ್ತು. ಟ್ಯಾಂಕಿನ ಕಡೆ ನೋಡಿ ಕಣ್ಣು ಒರೆಸಿಕೊಂಡಳು.

"ಇವರನ್ನ ಬೈಬೇಡಿ. ಅಣ್ಣನ ಮೊಳೆಯಿಂದ ಕೀ ತಂದು ಬಾಗಿಲು ತೆಗೆದೋಳು ನಾನು. ತೆರ ಇಲ್ದೆ ಬಸುರಿ ಅಂತ ಅಣ್ಣನಿಗೆ ಗೊತ್ತಾದ್ರೆ ಇವರನ್ನ ಉಳಿಸ್ತಿರ್ಲಿಲ್ಲ. ಅಣ್ಣನ್ನೇ ಒಳಗೆ ಹಾಕ್ತಾರೆ ಅಂತ ನಂಗೆ ಹೊಳೀಲೇ ಇಲ್ಲ."

"ಇಡೀ ಡಿ ಲೈನಿನ ಸೂರು ಬೇಕಾಯ್ತಾ ನಿಮ್ಮ ಮದುವೆಗೆ?" ಎಂದ ಮೊರೆಯಾ. ಗದರಬೇಕು ಅಂದುಕೊಂಡಿದ್ದ, ದನಿ ಏಳಲಿಲ್ಲ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಇಡೀ ಲೈನಿಂದಾ?" ಎಂದ ಕೆವಾ. "ಅಣ್ಣ, ಒಂದು ಟ್ರಕ್ಕೂ ಸರಿಯಾಗಿ ತುಂಬ್ಲಿಲ್ಲ. ನಾವು ಬಾಗಿಲು ತೆಗೆದಾಗ ಇದ್ದಿದ್ದು ಮುಂದಿನ ಒಂದು ಸಾಲು. ಅದನ್ನ ಎತ್ತಿದ್ರೆ ಹಿಂದೆ ಏನೂ ಇಲ್ಲ. ಬರೀ ಗೋಡೆ."

"ಸುಳ್ಳು ಹೇಳ್ಬೇಡ."

"ಹುಟ್ಟೋ ಮಗುವಿನಾಣೆ. ಮುಂದೆ ನಿಂತು ನೋಡೋರಿಗೆ ತುಂಬಿದ ಹಾಗೆ ಕಾ‌ಣ್ಲಿ ಅಂತ ಯಾರೋ ನಿಲ್ಲಿಸಿದ್ರು. ನಾವು ಒಂದೆರಡು ತಗೊಳ್ಳೋಣ ಅಂತ ಬಂದೋರು. ಹಿಂದೆ ಖಾಲಿ ಕಂಡ ಮೇಲೆ, ಹೆಂಗೂ ಕದ್ದಾಗಿದೆಯಲ್ಲ ಅಂತ ಉಳಿದಿದ್ದನ್ನೂ ತಗೊಂಡ್ವಿ. ಅದು ನಮ್ಮ ತಪ್ಪು. ಅಷ್ಟೇ ನಮ್ಮ ತಪ್ಪು."

ಮೇಜರ್‌ನೇ ನಿಂತು ಇಳಿಸಿಕೊಂಡ. ಬಾಗಿಲು ಹಾಕಿ ಕೀ ಕೊಟ್ಟ. ತೆಗೀಬೇಡ ಅಂದ. ಉಳಿದ ತಗಡು ಶೆಡ್ಡಿನೊಳಕ್ಕೆ ಬಂದೇ ಇರಲಿಲ್ಲ. ಮೊರೆಯಾನ ತಲೆಯಲ್ಲಿ ಒಂದೊಂದೇ ಬಂದು ಪಕ್ಕಪಕ್ಕದಲ್ಲಿ ಕೂತವು.

ಅವು ಕೂತು ಮುಗಿಯುವ ಮೊದಲೇ ಜೀಪು ಬಂತು. ಮೇಜರ್ ಪೊಂಡ್ರಿಲೈ ಇಳಿದು, ಬೂಟಿನ ಧೂಳು ನೋಡಿಕೊಂಡು, ಕರ್ಚೀಫಿನಿಂದ ಕತ್ತು ಒರೆಸಿಕೊಂಡ.

"ಏನ್ ಮೊರೆಯಾ, ಇನ್ನೂ ಖಾಲಿ ಮಾಡಿಸಿಲ್ವಲ್ಲ? ಹೆಸರೇನಾದ್ರೂ ಸಿಕ್ತಾ?"

ಕೊಳಾಯಿಯ ಹೆಂಗಸರು ಈಗ ಇತ್ತಲೇ ತಿರುಗಿ ನಿಂತಿದ್ದರು. ಮನೆಯ ಬಾಗಿಲಲ್ಲಿ ಲೈಡಿಯಾ ಅನ್ನದ ಪಾತ್ರೆ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು, ಅದನ್ನು ಹೊರಗಿಡಬೇಕೋ ಒಳಗಿಡಬೇಕೋ ತಿಳಿಯದೆ.

"ಸಿಕ್ತು ಸರ್. ಎಲಿಯಾಬ್ ಅಲ್ಲ." ಮೊರೆಯಾ ಟೋಪಿ ಸರಿಮಾಡಿಕೊಂಡ. ಇಡೀ ಡಿ ಲೈನ್ ಕೇಳುತ್ತಿತ್ತು. "ತಗಡು ತಗೊಂಡು ಹೋಗಿದ್ದು ನಮ್ಮ ಮನೆಯವರು. ನನ್ನ ತಮ್ಮ ಕೆವಾ."

ಹೆಂಗಸರ ನಡುವೆ ಒಂದು ಉಸಿರು ಹಾದುಹೋಯಿತು. ಮೇಜರ್‌ಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಅವನ ಹೆಗಲು ಸ್ವಲ್ಪ ಸಡಿಲವಾಯಿತು, ಭಾರ ಇಳಿಸಿದವನ ಹಾಗೆ.

"ಒಂದು ಟ್ರಕ್ಕಿನಷ್ಟು," ಎಂದ ಮೊರೆಯಾ. "ಅಷ್ಟೇ ಇದ್ದಿದ್ದು."

"ಒಂದು ಟ್ರಕ್ಕು ಗಿಕ್ಕು ಅಂತೆಲ್ಲ ಯಾಕಪ್ಪ?" ಮೇಜರ್ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟ. ದನಿ ಜೇನಿನ ಹಾಗಿತ್ತು. "ಬಂದ ತಗಡಷ್ಟನ್ನೂ ನಿನ್ನ ತಮ್ಮನೇ ಕದ್ದ ಅಂತ ಬರೆದುಕೊಟ್ಟುಬಿಡು. ನಿನ್ನ ಕೈಬರಹದಲ್ಲಿ, ನಿನ್ನ ಸಹಿ. ಎಲಿಯಾಬ್ ಈ ಕ್ಷಣ ಹೊರಗೆ ಬರ್ತಾನೆ. ಇವರ ಸಾಮಾನು ಎಲ್ಲಿದೆಯೋ ಅಲ್ಲೇ ಇರುತ್ತೆ. ತಮ್ಮನ ವಿಷಯಾನೂ ನಾನು ನೋಡ್ಕೋತೀನಿ, ಜಾಸ್ತಿ ಶಿಕ್ಷೆ ಆಗಲ್ಲ. ಬರೀದಿದ್ರೆ..." ಅವನು ಟ್ರಕ್ಕಿನ ಕಡೆ ನೋಡಿದ. "ತುಂಬಕ್ಕೆ ನನ್ನ ಹತ್ರ ಬೇರೆ ಆಳುಗಳಿದ್ದಾರೆ."

ಕೆವಾ ತಬಿತಾಳ ಕೈ ಹಿಡಿದುಕೊಂಡ. ಲೈಡಿಯಾ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟಳು.

ಮೇಜರ್ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮುಂದೆ ಚಾಚಿದ.

ಮೊರೆಯಾ ಅದನ್ನು ತೆಗೆದುಕೊಂಡ.